ಚಲಚ್ಚಿತ್ರಗಳಲ್ಲಿ ದಾರಿದ್ರ್ಯ: ಒಂದು ವಿವೇಚನೆ

ಮನೆಯ ಗುಟ್ಟನ್ನು ಬೀದಿಯಲ್ಲಿ ಹರವಬಾರದೆಂಬುದು ಗೃಹಸ್ಥರ ನೀತಿ. ಈ ನೀತಿ ದೇಶಕ್ಕೂ ಅನ್ವಯಿಸುವುದೇ? ನಮ್ಮ ಬಡತನವನ್ನು ಚಲಚ್ಚಿತ್ರದಲ್ಲಿ ತೋರಿ ಪರದೇಶಗಳಲ್ಲಿ ಮನ್ನಣೆ ಪಡೆಯುವುದು ಉಚಿತವೋ ಅನುಚಿತವೋ ಎಂಬ ಚರ್ಚೆ ದಶಕಗಳಿಂದ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಉಪಾಧ್ಯಾಯರಾದ ನಾವು ಇದನ್ನು ದೂರದಿಂದ ನೋಡಿ ಸುಮ್ಮನಿರುವಂತಿಲ್ಲ. ತೆರೆಯ ಮೇಲೆ ಯಾರ ಕಥೆ ನಡೆಯುತ್ತದೆಯೋ ಅಂಥವರ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ.

ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನಾಧರಿಸಿ ಸತ್ಯಜಿತ್ ರಾಯರು ನಿರ್ದೇಶಿಸಿದ ‘ಪಥೇರ್ ಪಾಂಚಾಲಿ’ 1955ರಲ್ಲಿ, ಪಶ್ಚಿಮ ಬಂಗಾಳ ಸರ್ಕಾರದ ಹಣದ ನೆರವಿನಿಂದ ಪೂರ್ಣಗೊಂಡಿತು. ಮರುವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ವಿಶೇಷ ಪುರಸ್ಕಾರ ಲಭಿಸಿತು. ಇಪ್ಪತ್ತೈದು ವರ್ಷಗಳ ಬಳಿಕ, 1980ರಲ್ಲಿ, ರಾಜ್ಯಸಭೆಯ ಸದಸ್ಯೆಯಾಗಿದ್ದ ಪ್ರಸಿದ್ಧ ನಟಿ ನರ್ಗಿಸ್ ದತ್ತರು, ರಾಯರ ಚಿತ್ರಗಳು ಭಾರತದ ಬಡತನವನ್ನು ರಫ್ತು ಮಾಡುತ್ತವೆಂದು ಆಕ್ಷೇಪಿಸಿದರು. ಹಾಗಾದರೆ ಏನನ್ನು ತೋರಬೇಕೆಂಬ ಪ್ರಶ್ನೆಗೆ, ಆಧುನಿಕ ಭಾರತವನ್ನು, ಅದರ ಅಣೆಕಟ್ಟುಗಳನ್ನು ಎಂಬುದು ಅವರ ಉತ್ತರದ ಸಾರವಾಗಿತ್ತು.

ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ. ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಭಾರತವನ್ನು ಕುರಿತು ತೆಗೆದ ಸಾಕ್ಷ್ಯಚಿತ್ರಮಾಲೆಯನ್ನು ಬಿ.ಬಿ.ಸಿ. ಪ್ರಸಾರ ಮಾಡಿದಾಗ, 1970ರಲ್ಲಿ ಭಾರತ ಸರ್ಕಾರವು ಆ ಸಂಸ್ಥೆಯ ದೆಹಲಿಯ ಕಚೇರಿಯನ್ನೇ ಮುಚ್ಚಿಸಿತು. ಕ್ರಮವು ಅತಿಯಾಯಿತೆನ್ನಬಹುದು, ಅದರ ಹಿಂದಿದ್ದ ನೋವು ಸುಳ್ಳಲ್ಲ. ಬಹುಕಾಲ ಪರರ ಆಳ್ವಿಕೆಯಲ್ಲಿ ಬಾಳಿದ ಜನಕ್ಕೆ, ಆಳಿದವರ ಕಣ್ಣಮುಂದೆ ತನ್ನ ಹರಕು ಬಟ್ಟೆ ಪ್ರದರ್ಶಿತವಾದರೆ ಮನಸ್ಸು ನೋಯುವುದು ಸಹಜವೇ.

ಆದರೆ ನರ್ಗಿಸರಿಗೆ ಅಳಿಯದ ಕೀರ್ತಿ ತಂದ ‘ಮದರ್ ಇಂಡಿಯಾ’ (1957)ವನ್ನು ನೆನೆಯೋಣ. ಸಾಹುಕಾರನ ಸಾಲ, ನೆರೆ, ಹಸಿವು, ಮಕ್ಕಳ ಸಾವು—ದಾರಿದ್ರ್ಯದ ಯಾವ ಮುಖ ಅದರಲ್ಲಿಲ್ಲ? ಅದೂ ಆಸ್ಕರ್ ಪ್ರಶಸ್ತಿಯ ಅಂತಿಮ ಸ್ಪರ್ಧೆಯವರೆಗೆ ಹೋದ ಚಿತ್ರವೇ. ಆದರೆ ಅದು ಕಾಲುವೆಯ ಉದ್ಘಾಟನೆಯಿಂದ ಆರಂಭವಾಗಿ, ಕಾಲುವೆಗೆ ನೀರು ಹರಿಯುವುದರೊಂದಿಗೆ ಮುಗಿಯುತ್ತದೆ. ಕಷ್ಟದ ಕಾಲ ಕಳೆಯಿತೆಂಬ ಸಮಾಧಾನವನ್ನು ಕೊಡುತ್ತದೆ. ‘ಪಥೇರ್ ಪಾಂಚಾಲಿ’ ಅಂಥ ಸಮಾಧಾನ ಕೊಡುವುದಿಲ್ಲ. ದುರ್ಗೆ ಸಾಯುತ್ತಾಳೆ, ಸಂಸಾರ ಊರು ಬಿಡುತ್ತದೆ. ಆದುದರಿಂದ ತಕರಾರು ಬಡತನವನ್ನು ತೋರಿದುದಕ್ಕಲ್ಲ, ಅದು ಮುಗಿಯಿತೆಂದು ಹೇಳದಿದ್ದುದಕ್ಕೆ ಎಂದು ನಮಗೆ ತೋರುತ್ತದೆ.

ಹೀಗಿರುವಲ್ಲಿ ವಿಮರ್ಶಕನ ಪ್ರಶ್ನೆಯೇ ಬದಲಾಗಬೇಕು. ಬಡವನು ತೆರೆಯ ಮೇಲೆ ಮನುಷ್ಯನಾಗಿ ಬರುತ್ತಾನೆಯೇ? ಅವನಿಗೆ ಆಸೆ, ಸಿಟ್ಟು, ಹಾಸ್ಯ, ಹಟ ಇವೆಯೇ? ಅವನು ಬಡವನಾಗಿರುವುದಕ್ಕೆ ಕಾರಣವೇನೆಂಬುದು ನೋಡುವವನಿಗೆ ತಿಳಿಯುತ್ತದೆಯೇ? ರೈಲು ನೋಡಲು ಹೂಬಿಟ್ಟ ಹುಲ್ಲಿನ ಬಯಲಿನಲ್ಲಿ ಓಡುವ ಅಪು–ದುರ್ಗೆಯರನ್ನು ಕಂಡವರು ಮೊದಲಿನ ಪ್ರಶ್ನೆಗಳಿಗೆ ಹೌದೆಂದೇ ಉತ್ತರಿಸುವರು.

ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡುವ ಚಿತ್ರ ನಮ್ಮ ನುಡಿಯಲ್ಲೇ ಇದೆ. 1956ರವರೆಗೆ ಕಾಸರಗೋಡೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಬದುಕನ್ನು ಕುರಿತು ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವೂ, ಚೋಮನಾದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದುವು. ಚೋಮನ ಬಳಿ ಎತ್ತುಗಳಿವೆ, ಉಳುವ ತೋಳಿದೆ, ಉಳಲು ನೆಲವಿಲ್ಲ. ಆ ಕುಲದಲ್ಲಿ ಹುಟ್ಟಿದವನು ಬೇಸಾಯಗಾರನಾಗಬಾರದೆಂಬ ಕಟ್ಟಳೆಯೇ ಅವನ ದಾರಿದ್ರ್ಯ. ನೀರಿನಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮೈಲಿಗೆಯ ಭಯದಿಂದ ಯಾರೂ ಎತ್ತುವುದಿಲ್ಲ. ಇಲ್ಲಿ ನಾಚಬೇಕಾದವನು ಚೋಮನಲ್ಲ, ದಡದಲ್ಲಿ ನಿಂತವರು. ಚಿತ್ರವನ್ನು ನೋಡುವಾಗ ನಾವೂ ಆ ದಡದಲ್ಲಿಯೇ ನಿಂತಿದ್ದೇವೆಂದು ಅರಿವಾಗುತ್ತದೆ. ಎದೆಯ ಉರಿಯನ್ನೆಲ್ಲ ದುಡಿಯ ಮೇಲೆ ಬಡಿಯುವ ಚೋಮನು ಕಡೆಯವರೆಗೂ ಯಾರ ಕನಿಕರವನ್ನೂ ಬೇಡುವ ಪ್ರಾಣಿಯಾಗುವುದಿಲ್ಲ.

ಇದಕ್ಕೆ ಹೋಲಿಸಿ 2008ರ ‘ಸ್ಲಮ್‌ಡಾಗ್ ಮಿಲಿಯನೇರ್’ ನೋಡಬಹುದು. ವಿಕಾಸ್ ಸ್ವರೂಪರ ಕಾದಂಬರಿಯನ್ನಾಧರಿಸಿ ಬ್ರಿಟನ್ನಿನ ಡ್ಯಾನಿ ಬಾಯ್ಲ್ ತೆಗೆದ ಈ ಚಿತ್ರ 2009ರಲ್ಲಿ 8 ಆಸ್ಕರ್‌ಗಳನ್ನು ಗಳಿಸಿತು. ಹೆಸರಿನಲ್ಲಿದ್ದ ನಾಯಿಯೆಂಬ ಮಾತಿಗೆ ನಮ್ಮಲ್ಲಿ ಪ್ರತಿಭಟನೆಗಳೂ ನಡೆದುವು. ಪರದೇಶದವನು ತೆಗೆದನೆಂಬುದು ನಮ್ಮ ದೂರಲ್ಲ. ಹುಡುಗರ ಚುರುಕುತನವನ್ನು ಆತ ಕಂಡಿದ್ದಾನೆ, ನಿಜ. ಆದರೆ ಕೊಳಚೆಗೇರಿಯ ಬಾಲಕನು ಪಟ್ಟ ಒಂದೊಂದು ಪಾಡೂ ಅಲ್ಲಿ ರಸಪ್ರಶ್ನೆಯೊಂದರ ಉತ್ತರವಾಗಿ ಒದಗುತ್ತದೆ. ಕೊನೆಗೆ ಅವನಿಗೆ 2 ಕೋಟಿ ರೂಪಾಯಿ ದಕ್ಕುತ್ತದೆ. ಅವನ ಓಣಿಯ ಉಳಿದ ಮಕ್ಕಳ ಗತಿಯೇನೆಂದು ಚಿತ್ರ ಕೇಳುವುದಿಲ್ಲ. ಅದೃಷ್ಟವನ್ನು ಕಾರಣದ ಸ್ಥಾನದಲ್ಲಿ ಕೂರಿಸಿದುದೇ ಅದರ ದೋಷ.

ನಮ್ಮ ಶಾಲೆಗಳಲ್ಲಿ ಬಡವರ ಕಥೆಯ ಪಾಠ ಬಂದಾಗ ಕೆಲವು ಮಕ್ಕಳು ತಲೆ ತಗ್ಗಿಸುವುದನ್ನು ಅನೇಕ ಸಹೋದ್ಯೋಗಿಗಳು ಕಂಡಿರಬಹುದು. ಪಾಠವನ್ನು ಬಿಟ್ಟುಬಿಡುವುದು ಅದಕ್ಕೆ ಪರಿಹಾರವಲ್ಲ. ಬಿಟ್ಟರೆ, ನಾಚಿಕೆ ಅವರದೇ ಎಂದು ನಾವೂ ಒಪ್ಪಿದಂತಾಯಿತು. ನಮ್ಮ ಮೇಲಿನ ತರಗತಿಗಳ ಮಕ್ಕಳಿಗೆ ‘ಚೋಮನ ದುಡಿ’ಯನ್ನು ಒಮ್ಮೆ ತೋರಿಸಿ, ಚೋಮನಿಗೆ ನೆಲವೇಕೆ ಸಿಗಲಿಲ್ಲವೆಂದು ಕೇಳೋಣ. ತಲೆ ತಗ್ಗಿಸಿದ ಮಗುವೇ ಮೊದಲು ಕೈಯೆತ್ತಿದರೆ ನಮಗೆ ಆಶ್ಚರ್ಯವಾಗದು.