ವಡ್ಡಾರಾಧನೆಯ ನರಿ, ಕರ್ವಾಲೊ ಅರಸಿದ ಓತಿ

ಡಾರ್ವಿನ್ನನಿಗಿಂತ ಎಷ್ಟೋ ಶತಮಾನಗಳ ಮೊದಲೇ ಜೈನಾಚಾರ್ಯರು ವಿಕಾಸವಾದವನ್ನು ಸಾರಿದ್ದರೆಂಬ ಮಾತು ಬಸದಿಯ ಉಪನ್ಯಾಸಗಳಲ್ಲಿ ಆಗಾಗ ಕೇಳಿಬರುತ್ತದೆ. ಹುಳು, ಇರುವೆ, ದುಂಬಿ, ಮನುಷ್ಯ ಎಂದು ಇಂದ್ರಿಯಗಳು ಒಂದೊಂದಾಗಿ ಹೆಚ್ಚುತ್ತ ಹೋಗುವ ತತ್ತ್ವಾರ್ಥಸೂತ್ರದ ವಿಭಾಗವೇ ಇದಕ್ಕೆ ಆಧಾರ. ಮಾತು ಅಭಿಮಾನದಿಂದ ಹುಟ್ಟಿದ್ದು. ಆದರೆ ನಮ್ಮ ಕಥಾಸಾಹಿತ್ಯ ಅದನ್ನು ಸಮರ್ಥಿಸುವುದಿಲ್ಲ.

ಶಿವಕೋಟ್ಯಾಚಾರ್ಯರ ಹೆಸರಿನೊಡನೆ ಬಂದಿರುವ, ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ ವಡ್ಡಾರಾಧನೆಯಲ್ಲಿ 19 ಕಥೆಗಳಿವೆ. ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ವಾಯುಭೂತಿಯು ಅತ್ತಿಗೆಯನ್ನು ಒದೆಯುತ್ತಾನೆ. ಒದ್ದ ಕಾಲನ್ನೇ ಮುಂದೊಂದು ಜನ್ಮದಲ್ಲಿ ತಿನ್ನುವಂತಾಗಲೆಂದು ಆಕೆ ನಿದಾನ ಮಾಡಿಕೊಳ್ಳುತ್ತಾಳೆ. ಅವನ ಜೀವ ಕತ್ತೆಯಾಗಿ, ಹಂದಿಯಾಗಿ, ನಾಯಾಗಿ ತೊಳಲಿ, ಹಲವು ಭವಗಳಾಚೆ ಉಜ್ಜಯಿನಿಯಲ್ಲಿ ಸುಕುಮಾರನಾಗುತ್ತದೆ. ದೀಕ್ಷೆ ಪಡೆದು ನಿಶ್ಚಲನಾಗಿದ್ದ ಆತನನ್ನು ನರಿಯೊಂದು ಮರಿಗಳೊಡನೆ ಬಂದು, ಕಾಲಿನಿಂದ ತೊಡಗಿ ಮೂರು ರಾತ್ರಿ ತಿನ್ನುತ್ತದೆ. ಆ ನರಿಯೇ ಹಿಂದಿನ ಅತ್ತಿಗೆ.

ಇಲ್ಲಿ ಬದಲಾಗುವುದು ನರಿಯೆಂಬ ಜಾತಿಯಲ್ಲ. ಒಂದು ಜೀವ ಧರಿಸುವ ದೇಹ. 1859ರಲ್ಲಿ ಡಾರ್ವಿನ್ ಮಂಡಿಸಿದ ವಿಚಾರದಲ್ಲಿ ವ್ಯತ್ಯಾಸಗಳು ವಂಶಾನುಗತವಾಗಿ ಉಳಿದು, ತಲೆಮಾರುಗಳ ಮೇಲೆ ಜಾತಿಯೇ ಮಾರ್ಪಡುತ್ತದೆ; ಅಲ್ಲಿ ಪಾಪಪುಣ್ಯಗಳ ಲೆಕ್ಕವಿಲ್ಲ. ಕರ್ಮಸಿದ್ಧಾಂತದಲ್ಲಾದರೋ ಲೆಕ್ಕವೇ ಎಲ್ಲ. ಮನುಷ್ಯನು ತಿರ್ಯಂಚಗತಿಗೆ ಬೀಳಬಲ್ಲನು, ತಿರ್ಯಂಚವು ದೇವಗತಿಗೆ ಏರಬಲ್ಲದು. ಏಣಿಯೂ ಹೌದು, ಜಾರುಬಂಡೆಯೂ ಹೌದು. ಇದನ್ನು ವಿಕಾಸವೆಂದು ಕರೆದರೆ ಎರಡು ಶಾಸ್ತ್ರಗಳಿಗೂ ಅಪಚಾರವಾಗುತ್ತದೆ.

ಈ ಗೊಂದಲದಿಂದ ಕಥೆಯ ಓದೂ ಕೆಡುತ್ತದೆ. ಮೆಟ್ಟಿಲುಗಳ ಲೆಕ್ಕದಲ್ಲಿ ಓದುವವನಿಗೆ ನರಿಯೆಂದರೆ ಕೆಳಗಿನ ಮೆಟ್ಟಿಲು, ಶಿಕ್ಷೆಯ ಒಡಲು ಮಾತ್ರ. ಕಥೆಗಾರನಾದರೋ ಅದಕ್ಕೆ ಮರಿಗಳನ್ನು ಕೊಟ್ಟಿದ್ದಾನೆ. ಹಗೆ ತೀರಿಸಲು ಒಂದು ನರಿ ಸಾಕಾಗಿತ್ತು. ಮರಿಗಳು ಬಂದೊಡನೆ ಹಗೆಯ ಜೊತೆಗೆ ಹಸಿವೂ ಬರುತ್ತದೆ. ದೊಡ್ಡಬಳ್ಳಾಪುರದ ಸಾಸಲಿನಂಥ ಬಯಲುಸೀಮೆಯ ಊರಿನಲ್ಲಿ, ನರಿಯನ್ನು ಕುರಿಮರಿಯ ಕಳ್ಳನೆಂದೇ ಬಲ್ಲ ಕೇಳುಗನಿಗೆ ಈ ವಿವರ ಥಟ್ಟನೆ ತಾಗುತ್ತದೆ. ಕಥೆ ಮಾತ್ರ ಅಲ್ಲಿ ನಿಲ್ಲದೆ ಮುನಿಯ ಸಮತೆಯತ್ತ ಸರಿದುಬಿಡುತ್ತದೆ. ಆರಾಧನೆಯ ಕಥೆಗೆ ಅದು ಸಹಜವೇ; ಆದರೂ ನರಿಯ ಮಟ್ಟಿಗೆ ಅದೊಂದು ಕೊರತೆ. ಸಿಂಹದ ಭವದಲ್ಲಿ ಮುನಿಗಳ ಉಪದೇಶ ಕೇಳಿ ಶಾಂತವಾದ ಜೀವವೇ ಮುಂದೆ ಮಹಾವೀರನಾಯಿತೆಂದು ಹೇಳುವ ಪರಂಪರೆಗೆ ಪ್ರಾಣಿಯ ಒಳಗನ್ನು ಕಾಣುವ ಶಕ್ತಿ ಇರಲಿಲ್ಲವೆನ್ನುವಂತಿಲ್ಲ.

ಸಾವಿರ ವರ್ಷಗಳ ಅನಂತರ, ವಿಕಾಸವಾದವನ್ನು ನಿಜವಾಗಿಯೂ ಕಥೆಯ ಬೆನ್ನೆಲುಬಾಗಿಸಿದವರು ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಪ್ರಕಟವಾದ 'ಕರ್ವಾಲೊ' ಗಾತ್ರದಲ್ಲಿ ಸಣ್ಣದು. ನೀಳ್ಗತೆಗಿಂತ ತುಸು ದೊಡ್ಡದೆನ್ನಬಹುದು. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ ಮೊದಲಾದವರು ಹಾರುವ ಓತಿಯೊಂದನ್ನರಸಿ ಪಶ್ಚಿಮಘಟ್ಟದ ಕಾಡು ಹೊಗುತ್ತಾರೆ. (ಮಧುತ್ಯಾಗವನ್ನು ಮೂಲಗುಣವಾಗಿ ಪಾಲಿಸುವ ಶ್ರಾವಕನಿಗೆ ಆರಂಭದ ಜೇನಿನ ಪ್ರಕರಣಗಳು ಇರಿಸುಮುರಿಸು ತರಬಹುದು, ಅಷ್ಟಕ್ಕೇ ಪುಸ್ತಕ ಮುಚ್ಚಿಡುವುದು ನಷ್ಟ.) ಅಲ್ಲಿನ ಓತಿ ಯಾರ ಪೂರ್ವಜನ್ಮವೂ ಅಲ್ಲ, ಯಾವ ಅಪರಾಧದ ಫಲವೂ ಅಲ್ಲ. ಮನುಷ್ಯನಿಲ್ಲದ ಕಾಲದಿಂದ ಹರಿದುಬಂದ ಜೀವಪ್ರವಾಹದ ಒಂದು ಎಳೆ ಅದು. ಅದರ ಎದುರು ಮಂದಣ್ಣನ ಕಾಡಿನ ತಿಳಿವೂ ಕರ್ವಾಲೊ ಅವರ ಪಾಂಡಿತ್ಯವೂ ಸಮಸಮ ನಿಲ್ಲುತ್ತವೆ.

ಅಹಿಂಸೆಗೆ ಈ ಎರಡು ಕಥೆಗಳು ಒದಗಿಸುವ ನೆಲೆಗಳು ಬೇರೆಬೇರೆ. ಒಂದರಲ್ಲಿ ಪ್ರಾಣಿ ಹಿಂದೆ ನಮ್ಮವರೇ ಆಗಿದ್ದಿರಬಹುದೆಂಬ ಅಳುಕಿದೆ. ಇನ್ನೊಂದರಲ್ಲಿ ಅದು ನಮ್ಮದೇನೂ ಆಗದೆಯೂ ನಮಗೆ ದೂರದ ದಾಯಾದಿ. ಪಾಠಶಾಲೆಯ ಮಕ್ಕಳಿಗೆ ಎರಡನ್ನೂ ಬೆರೆಸದೆ ಹೇಳಬಹುದು. ಕರ್ವಾಲೊ ಕೊನೆಯಲ್ಲಿ ಓತಿ ಸಿಗುವುದಿಲ್ಲ. ಅಷ್ಟು ದೂರ ನಡೆದು ಬಂದವರ ಕಣ್ಣೆದುರಿನಲ್ಲೇ ಅದು ಪ್ರಪಾತದತ್ತ ತೇಲಿಹೋಗುತ್ತದೆ. ಅದನ್ನು ಕಳೆದುಕೊಂಡ ವಿಜ್ಞಾನಿಯ ಬಗ್ಗೆ ಓದುಗನಿಗೆ ಗೌರವವೇನೂ ಕಡಿಮೆಯಾಗುವುದಿಲ್ಲ.