ರಕ್ತಪೂರಣದಲ್ಲಿ ಹತ್ತರ ನಿಯಮ

ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ವೈದ್ಯಕೀಯ ಪಠ್ಯಗ್ರಂಥಗಳ ಹಿಂದಿನ ಆವೃತ್ತಿಗಳು ಅಗ್ಗವಾಗಿ ದೊರೆಯುತ್ತವೆ. ಅಂಗರಚನಾಶಾಸ್ತ್ರಕ್ಕೆ ಅವು ಈಗಲೂ ಸಲ್ಲುವುವು; ರಕ್ತಪೂರಣದ ಅಧ್ಯಾಯವನ್ನು ಮಾತ್ರ ವಿಮರ್ಶೆಯಿಲ್ಲದೆ ಓದಲಾಗದು. ಹಿಮೊಗ್ಲೋಬಿನ್ ಡೆಸಿಲೀಟರಿಗೆ 10 ಗ್ರಾಮಿಗಿಂತ ಇಳಿದರೆ ರಕ್ತ ಕೊಡಬೇಕೆಂಬ ನಿಯಮ ಬಹುಕಾಲ ಆಸ್ಪತ್ರೆಗಳನ್ನು ಆಳಿತು. ಅದರ ಮೂಲ, 1942ರಲ್ಲಿ ಆಡಮ್ಸ್ ಮತ್ತು ಲಂಡಿ ಎಂಬ ವೈದ್ಯರು ಬರೆದ ಲೇಖನ. ಅವರು ಹೇಳಿದ್ದು 8ರಿಂದ 10 ಗ್ರಾಮಿಗಿಂತ ಕಡಿಮೆಯಿದ್ದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ವಹಿಸಬೇಕಾದ ಎಚ್ಚರಿಕೆಯನ್ನು. ಸಲಹೆಯು ಶಾಸನವಾದದ್ದು ಅನಂತರದವರ ಕೈಯಲ್ಲಿ.

1999ರಲ್ಲಿ ಕೆನಡಾದ ಪಾಲ್ ಎಬೇರ್ ಮತ್ತು ಸಂಗಡಿಗರು ತೀವ್ರನಿಗಾ ಘಟಕಗಳ 838 ರೋಗಿಗಳಲ್ಲಿ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು. 7 ಗ್ರಾಮಿಗಿಂತ ಇಳಿದಾಗ ಮಾತ್ರ ಕೆಂಪುಕಣ ಪಡೆದ ವರ್ಗದಲ್ಲಿ 30 ದಿನಗಳೊಳಗಿನ ಮರಣ ಶೇಕಡ 18.7, ಹತ್ತರ ನಿಯಮದ ವರ್ಗದಲ್ಲಿ 23.3. ಈ ಅಂತರ ಆಕಸ್ಮಿಕವೂ ಆಗಿರಬಹುದು. ಆದರೆ ರಕ್ತ ಹೆಚ್ಚಿದಷ್ಟೂ ಹಿತವೆಂಬ ನಂಬಿಕೆಗೆ ಆಧಾರ ಉಳಿಯಲಿಲ್ಲ.

ಹಾಗೆಂದು ಏಳನ್ನು ಹೊಸ ಮಂತ್ರವಾಗಿಸುವುದೂ ತಪ್ಪು. ರಕ್ತ ಸುರಿಯುತ್ತಿದ್ದವರು ಆ ಪರೀಕ್ಷೆಯ ಹೊರಗಿದ್ದರು. ಈ ರಸ್ತೆಗೆ ಸಮೀಪದಲ್ಲಿಯೇ ಇರುವ, 1935ರ ವಾಣಿವಿಲಾಸದಂತಹ ಹೆರಿಗೆ ಆಸ್ಪತ್ರೆಯನ್ನು ನೆನೆಯಿರಿ. ಬಾಣಂತಿಗೆ ರಕ್ತಸ್ರಾವವಾಗುತ್ತಿರುವಾಗ ಹಿಮೊಗ್ಲೋಬಿನ್ ಅಂಕಿ ತಡವಾಗಿ ಇಳಿಯುತ್ತದೆ, ಅದನ್ನು ಕಾಯುವಂತಿಲ್ಲ. ಕಬ್ಬಿಣಾಂಶದ ಕೊರತೆಯಿಂದ ನಿಧಾನವಾಗಿ ಬಿಳಿಚಿದ ಗರ್ಭಿಣಿಗೋ, ಹೆರಿಗೆಗೆ ತಿಂಗಳುಗಳಿದ್ದರೆ, ಬಹುಮಟ್ಟಿಗೆ ಕಬ್ಬಿಣದ ಔಷಧವೇ ಸಾಕು.

ಆದುದರಿಂದ ಯಾವ ವಿಭಾಗಕ್ಕೆ ಎಷ್ಟು ಯೂನಿಟ್ ಹೋಯಿತೆಂದು ಮಾತ್ರ ಎಣಿಸುವ ಅಧ್ಯಯನ ದಾಸ್ತಾನಿನ ಲೆಕ್ಕವೇ ಹೊರತು ಬಳಕೆಯ ವಿವೇಚನೆಯಲ್ಲ. ಕೊಟ್ಟ ಕಾರಣ, ಮುಂಚಿನ ಅಂಕಿ, ಪ್ರತಿ ಯೂನಿಟ್ಟಿನ ಅನಂತರದ ಅಂಕಿ ದಾಖಲಾಗಬೇಕು. ವಯಸ್ಕರಲ್ಲಿ ಒಂದು ಯೂನಿಟ್ ಸುಮಾರು 1 ಗ್ರಾಂ ಏರಿಸುತ್ತದೆ. ಸ್ರಾವವಿಲ್ಲದವನಿಗೆ ರೂಢಿಯಂತೆ ಒಮ್ಮೆಲೇ ಎರಡನ್ನು ಬರೆದ ವೈದ್ಯನಿಂದ ಎರಡನೆಯದರ ಕಾರಣವನ್ನು ಪ್ರತ್ಯೇಕವಾಗಿ ಕೇಳಬೇಕು.