ರಕ್ಷಣೆಯ ಹೆಸರಿನ ಬೀಗ

ಹೆಣ್ಣು ಮಕ್ಕಳು ವಿಶ್ವವಿದ್ಯಾಲಯದ ಮೆಟ್ಟಿಲೇರುತ್ತಿದ್ದಾರೆ ಎಂದು ಸಂತೋಷಪಡಲು ಕಾರಣವಿದೆ. ಕೇಂದ್ರ ಸರಕಾರದ 2021-22ರ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿರುವ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಹೆಣ್ಣು ಮಕ್ಕಳು. ಆದರೆ ಪ್ರವೇಶ ಸಿಕ್ಕಿದ ಮಾತ್ರಕ್ಕೆ ವಿಶ್ವವಿದ್ಯಾಲಯ ಅವರದಾಯಿತೇ?

ನಮ್ಮದೇ ಹೆಮ್ಮೆಯ ಸಂಸ್ಥೆಯಿಂದ ಆರಂಭಿಸೋಣ. ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ 1906ರಲ್ಲಿ ಅಲಿಗಢದಲ್ಲಿ ಹುಡುಗಿಯರಿಗಾಗಿ ಶಾಲೆ ತೆರೆದರು. ಅದೇ ಮುಂದೆ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಾಗಿ ಬೆಳೆಯಿತು. ಅಂಥ ಕಾಲೇಜಿನ ಪದವಿ ವಿದ್ಯಾರ್ಥಿನಿಯರು 2014ರಲ್ಲಿ ತಮಗೂ ಮೌಲಾನಾ ಆಝಾದ್ ಗ್ರಂಥಾಲಯದ ಪ್ರವೇಶ ಬೇಕೆಂದು ಕೇಳಬೇಕಾಯಿತು. ಸ್ಥಳಾವಕಾಶವಿಲ್ಲ ಎಂಬುದು ಆಡಳಿತದ ಉತ್ತರ. ಹುಡುಗಿಯರು ಬಂದರೆ ಹುಡುಗರು ನಾಲ್ಕು ಪಟ್ಟು ಹೆಚ್ಚಾಗುತ್ತಾರೆಂಬ ಕುಲಪತಿಯವರ ಮಾತು ದೇಶವಿಡೀ ಚರ್ಚೆಯಾಯಿತು. ಕೊನೆಗೆ ಬಾಗಿಲು ತೆರೆಯಲು ಅಲಹಾಬಾದ್ ಹೈಕೋರ್ಟ್ ಹೇಳಬೇಕಾಯಿತು. ಪುಸ್ತಕ ಕೇಳಿದವಳಿಗೆ ಹುಡುಗರ ಲೆಕ್ಕ ಒಪ್ಪಿಸುವುದು ಯಾವ ನ್ಯಾಯ? 2024ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ನಈಮಾ ಖಾತೂನ್ ಮೊದಲ ಮಹಿಳಾ ಕುಲಪತಿಯಾದರೆಂಬುದು ಸಮಾಧಾನದ ಸಂಗತಿ.

ಇದು ಒಂದು ಸಂಸ್ಥೆಯ ಕಥೆಯಲ್ಲ. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಗ ಮೈಸೂರು ವಿಶ್ವವಿದ್ಯಾಲಯ ಹೊರಡಿಸಿದ ಸುತ್ತೋಲೆ, ಸಂಜೆ 6.30ರ ನಂತರ ಮಾನಸಗಂಗೋತ್ರಿಯಲ್ಲಿ ಹುಡುಗಿಯರು ಒಂಟಿಯಾಗಿ ಓಡಾಡಬಾರದೆಂದಿತು. ಟೀಕೆ ಬಂದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಪರಾಧ ಗಂಡಸರದು, ನಿರ್ಬಂಧ ಹೆಂಗಸರಿಗೆ! ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ಹಾಸ್ಟೆಲಿನ ರಾತ್ರಿ 9.30ರ ಗಡುವಿನ ವಿರುದ್ಧ ಹೋದಾಗ, 2022ರಲ್ಲಿ ಕೇರಳ ಹೈಕೋರ್ಟ್ ಎತ್ತಿದ ಪ್ರಶ್ನೆಯೂ ಇದೇ: ತೊಂದರೆ ಕೊಡುವವರು ಗಂಡಸರಾದರೆ ಕೂಡಿಹಾಕಬೇಕಾದದ್ದು ಯಾರನ್ನು?

ಹೆತ್ತವರೇ ಇದನ್ನು ಬಯಸುತ್ತಾರಲ್ಲ ಎಂದು ಆಡಳಿತಗಾರರು ಹೇಳುವುದುಂಟು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಊರಿನ ತಂದೆ ಮಗಳನ್ನು ದೂರ ಕಳಿಸುವುದು ಹಾಸ್ಟೆಲಿನ ಮೇಲಿನ ಭರವಸೆಯಿಂದಲೇ. ಆದರೆ ಆತನ ಆತಂಕದ ಇನ್ನೊಂದು ಮುಖವನ್ನೂ ನೋಡಬೇಕು. ಕಿರುಕುಳದ ಸುದ್ದಿ ಮನೆಗೆ ಮುಟ್ಟಿದರೆ ಓದು ಅಲ್ಲಿಗೇ ನಿಲ್ಲುತ್ತದೆಂದು ಹೆದರಿ ಎಷ್ಟೋ ಹುಡುಗಿಯರು ಬಾಯಿ ಬಿಡುವುದಿಲ್ಲ. ದೂರು ಕೊಟ್ಟವಳಿಗೇ ಬೀಗ ಬೀಳುವುದಾದರೆ ದೂರು ಕೊಡುವವರು ಯಾರು? ಅಂದರೆ ಈ ಬೀಗ ಕಾಯುವುದು ಹುಡುಗಿಯನ್ನಲ್ಲ, ಕಿರುಕುಳ ಕೊಟ್ಟವನನ್ನು.

ನಿಯಮಗಳಿಗೇನೂ ಬರವಿಲ್ಲ. ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ತಾರತಮ್ಯದ ಕಟ್ಟಳೆ ಹೇರಬಾರದೆಂದು ಯುಜಿಸಿಯ 2015ರ ನಿಯಮಾವಳಿಯೇ ಸ್ಪಷ್ಟವಾಗಿ ಹೇಳುತ್ತದೆ. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ, ವಿಷಯ ವಿದ್ಯಾರ್ಥಿಗಳದ್ದಾದಾಗ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ನಿಮ್ಮ ಮಗಳ ಕಾಲೇಜಿನಲ್ಲಿ ಆ ಸಮಿತಿಯ ಸದಸ್ಯರು ಯಾರೆಂದು ಒಮ್ಮೆ ಕೇಳಿ ನೋಡಿ.

ಪ್ರವೇಶದ ದಿನ ಹೆತ್ತವರು ಹಾಸ್ಟೆಲಿನ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆಂದು ವಿಚಾರಿಸುತ್ತಾರೆ. ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಅಲ್ಲಿಂದ ಹಾಸ್ಟೆಲಿಗೆ ಬರುವ ದಾರಿಯಲ್ಲಿ ದೀಪ ಇದೆಯೇ, ಸಂಜೆ ಬಸ್ಸು ಇದೆಯೇ, ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂದೂ ವಿಚಾರಿಸಲಿ. ಅದಕ್ಕಿಂತ ಮುಖ್ಯವಾಗಿ, ಏನೇ ಆದರೂ ನಿನ್ನ ಓದು ನಿಲ್ಲಿಸುವುದಿಲ್ಲ ಎಂದು ಮಗಳಿಗೆ ಅಂದೇ ಮಾತು ಕೊಡಲಿ.